ಮೈಸೂರಿನಲ್ಲಿ ಹಾಲು, ತುಪ್ಪ, ಮೊಟ್ಟೆ ಇಲ್ಲದ ನೂಡಲ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲು ಬಿಟ್ಟವರು, ಬಿಡಬೇಕು ಅಂತಿರುವವರು, ಮಗಳು ಬಿಟ್ಟಿದ್ದಾಳೆ ಅಂತ ತಲೆ ಕೆಡಿಸಿಕೊಂಡಿರುವ ಅಪ್ಪ ಅಮ್ಮಂದಿರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಹೊರಗೆ ಹೋದಾಗ ಒಂದು ಪ್ಲೇಟ್ ನೂಡಲ್ಸ್ ನೆಮ್ಮದಿಯಾಗಿ ತಿನ್ನಬೇಕು, ಅದರಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇರಬಾರದು. ಮೈಸೂರಿನಲ್ಲಿ ಇದು ಕಷ್ಟವೇನಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪ್ಲೇಟಿನ ಬೆಲೆ ಏರಿದಷ್ಟೂ ಅದರಲ್ಲಿ ಬೆಣ್ಣೆ, ಕ್ರೀಮ್, ಚೀಸ್ ಜಾಸ್ತಿ. ರಸ್ತೆ ಬದಿಯ ಗಾಡಿಯಲ್ಲಿ, ಹಳೇ ತಿಂಡಿ ಹೋಟೆಲಿನಲ್ಲಿ ನಿಮ್ಮ ಕೆಲಸ ಸುಲಭ. ಎಸಿ ಹಾಕಿದ ಕಡೆಯೇ ಪ್ರಶ್ನೆ ಜಾಸ್ತಿ ಕೇಳಬೇಕಾಗುತ್ತದೆ.

ಮೆನುವಿನಲ್ಲಿ "ವೆಜ್" ಅಂತ ಇದ್ದರೆ ಸಾಕಲ್ವಾ?

ಸಾಲದು. ನಮ್ಮಲ್ಲಿ ವೆಜ್ ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಅಷ್ಟೇ. ಹಾಲು, ಬೆಣ್ಣೆ, ತುಪ್ಪ, ಜೇನುತುಪ್ಪ ಎಲ್ಲವೂ ವೆಜ್ ಲೆಕ್ಕಕ್ಕೇ ಬರುತ್ತವೆ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ಹೇಳುವುದೂ ಇಷ್ಟನ್ನೇ. 2022ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ವೀಗನ್, ಅಂದರೆ ಪ್ರಾಣಿಯಿಂದ ಬಂದದ್ದು ಏನೂ ಇಲ್ಲದ ಆಹಾರಕ್ಕೆ ಬೇರೆ ನಿಯಮ ತಂದಿತು, ಅದಕ್ಕೆ ಬೇರೆ ಗುರುತೂ ಬಂತು: ಹಸಿರು ಬಣ್ಣದ ವಿ ಅಕ್ಷರ, ಜೊತೆಗೊಂದು ಎಲೆ. ಆದರೆ ಅದನ್ನು ನೋಡುವುದು ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಮೇಲೆ. ಹೋಟೆಲ್ ಮೆನುವಿನಲ್ಲಿ ಅದು ಕಾಣುವುದು ಅಪರೂಪ.

ಹಾಗಾಗಿ ಹೆಸರು ನೋಡಿ ತೀರ್ಮಾನ ಮಾಡಬೇಡಿ. ತಟ್ಟೆಯಲ್ಲಿ ಏನೇನು ಸೇರಿದೆ ಅಂತ ನೋಡಿ. ಎಳೆ ಯಾವುದರದ್ದು, ಜಿಡ್ಡು ಯಾವುದು, ಸಾಸ್ ಯಾವುದು, ಸೂಪ್ ಇದ್ದರೆ ಅದರ ನೀರು ಎಲ್ಲಿಂದ ಬಂತು, ಮೇಲೆ ಏನು ಉದುರಿಸುತ್ತಾರೆ. ಇಷ್ಟು ಗೊತ್ತಾದರೆ ಅದು ಚೈನೀಸೋ ಇಟಾಲಿಯನ್ನೋ ಅನ್ನುವುದು ಮುಖ್ಯವಲ್ಲ.

ಸಪ್ಲೈಯರ್‌ಗೆ "ವೀಗನ್" ಅಂದರೆ ಅರ್ಥ ಆಗುತ್ತದಾ?

ಯೋಗ ಕಲಿಯಲು ವಿದೇಶಿಯರು ಬರುವ ಗೋಕುಲಂ ಬಡಾವಣೆ ಕಡೆ ಆಗುತ್ತದೆ. ಉಳಿದ ಕಡೆ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರು "ಹೂಂ ಸರ್, ಪ್ಯೂರ್ ವೆಜ್" ಅಂತ ತಲೆಯಾಡಿಸಿ ಹೋಗುತ್ತಾರೆ. ಅದಕ್ಕಿಂತ ಬೇಡದ್ದರ ಹೆಸರು ಹೇಳುವುದು ವಾಸಿ. "ಅಣ್ಣಾ, ಎಣ್ಣೆಯಲ್ಲೇ ಮಾಡಿಸಿಕೊಡಿ. ಬೆಣ್ಣೆ, ತುಪ್ಪ, ಚೀಸ್, ಪನೀರ್, ಮೊಟ್ಟೆ ಯಾವುದೂ ಬೇಡ." ಇಷ್ಟು ಸಾಕು. "ಹಾಲು ಹಾಕಬೇಡಿ" ಅಂತ ಮಾತ್ರ ಹೇಳಿದರೆ "ನೂಡಲ್ಸ್‌ಗೆ ಯಾರು ಸರ್ ಹಾಲು ಹಾಕ್ತಾರೆ" ಅಂತ ನಗುತ್ತಾರೆ, ಆಮೇಲೆ ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ತಂದಿಡುತ್ತಾರೆ. ಅವರ ತಪ್ಪಲ್ಲ. ನಮ್ಮೂರಿನಲ್ಲಿ ತುಪ್ಪ, ಬೆಣ್ಣೆಯನ್ನು ಯಾರೂ ಹಾಲು ಅಂತ ಎಣಿಸುವುದಿಲ್ಲ.

ಸಾಧ್ಯವಾದರೆ ಜನ ಕಮ್ಮಿ ಇರುವ ಹೊತ್ತಿಗೆ ಹೋಗಿ. ಸಂಜೆ ಆರೂವರೆ ಏಳರ ಹೊತ್ತಿಗೆ ಮಾಸ್ಟರ್ ಕೈ ಖಾಲಿ ಇರುತ್ತದೆ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಹೋಗಿ ಇಷ್ಟೆಲ್ಲ ವಿಚಾರಿಸಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಗೋಬಿ ಗಾಡಿಯ ನೂಡಲ್ಸ್ ತಿನ್ನಬಹುದಾ?

ನನ್ನ ಪ್ರಕಾರ ಊರಿನಲ್ಲಿ ಸುಲಭವಾಗಿ ಸಿಗುವ ನೂಡಲ್ಸ್ ಇದೇ. ಸರಸ್ವತಿಪುರಂ, ಕುವೆಂಪುನಗರ, ವಿಜಯನಗರ, ಎಲ್ಲಿ ನೋಡಿದರೂ ಸಂಜೆಯಾದರೆ ಒಂದು ಗೋಬಿ ಗಾಡಿ ನಿಂತಿರುತ್ತದೆ. ಗಾಡಿಯ ವೆಜ್ ನೂಡಲ್ಸ್‌ಗೆ ಏನು ಬೀಳುತ್ತದೆ ನೋಡಿ. ಬಾಂಡ್ಲಿಗೆ ಎಣ್ಣೆ, ಹೆಚ್ಚಿದ ಬೆಳ್ಳುಳ್ಳಿ, ಕೋಸು, ಕ್ಯಾರೆಟ್, ದಪ್ಪ ಮೆಣಸಿನಕಾಯಿ. ಮಧ್ಯಾಹ್ನವೇ ಬೇಯಿಸಿ, ಎಣ್ಣೆ ಸವರಿ, ಅಂಟದ ಹಾಗೆ ಬಿಡಿಸಿಟ್ಟ ನೂಡಲ್ಸ್ ಒಂದು ಹಿಡಿ. ಸೋಯಾ ಸಾಸ್, ಚಿಲ್ಲಿ ಸಾಸ್, ವಿನೆಗರ್, ಉಪ್ಪು, ಪೆಪ್ಪರ್. ಬೆಂಕಿ ಜೋರು ಮಾಡಿ ನಾಲ್ಕು ಸಲ ಎತ್ತಿ ಹಾಕಿದರೆ ಮುಗಿಯಿತು. ಬೆಣ್ಣೆ ಹಾಕುವ ಖರ್ಚು ಗಾಡಿಯವರಿಗೆ ಗಿಟ್ಟುವುದಿಲ್ಲ. ನಮಗೆ ಅದೇ ಒಳ್ಳೆಯದಾಯಿತು.

ಸೋಯಾ ಸಾಸ್ ಸೋಯಾಕಾಳು, ಗೋಧಿ, ಉಪ್ಪಿನದು. ಶೆಜ್ವಾನ್ ಚಟ್ನಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಎಣ್ಣೆ, ವಿನೆಗರ್‌ದು. ಎರಡೂ ನಡೆಯುತ್ತವೆ. ನೋಡಬೇಕಾದ್ದು ಬೇರೆ. ಪಕ್ಕದಲ್ಲಿ ಮೊಟ್ಟೆ ಟ್ರೇ ಇದೆಯಾ? ಕಬಾಬ್ ಕರಿಯುವ ಎಣ್ಣೆಯಲ್ಲೇ ಗೋಬಿಯನ್ನೂ ಕರಿಯುತ್ತಾರಾ? ಗೋಬಿ ಹಿಟ್ಟು ಸಾಮಾನ್ಯವಾಗಿ ಮೈದಾ ಮತ್ತು ಕಾರ್ನ್‌ಫ್ಲೋರ್. ಆದರೆ ಕಬಾಬ್ ಮಾಡುವ ಕಡೆ ಹಿಟ್ಟಿಗೆ ಮೊಟ್ಟೆ ಒಡೆದು ಹಾಕುವ ರೂಢಿ ಇರುತ್ತದೆ. ಗೋಬಿ ನೂಡಲ್ಸ್ ಬೇಕು ಅಂದರೆ ವೆಜ್ ಮಾತ್ರ ಮಾಡುವ ಗಾಡಿ ಹುಡುಕಿ.

ಗೋಬಿಯ ಬಣ್ಣದ ಬಗ್ಗೆಯೂ ಒಂದು ಮಾತು ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ರೋಡಮಿನ್-ಬಿ ಥರದ್ದು ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹಾಕುವುದಲ್ಲ. ಪ್ರಾಣಿಯಿಂದ ಬಂದದ್ದಲ್ಲ ಅನ್ನುವುದು ನಿಜ, ಹಾಗಂತ ತಿನ್ನಬೇಕಾ? ನೂಡಲ್ಸ್ ಕುಂಕುಮದ ಹಾಗೆ ಕೆಂಪಗಿದ್ದರೆ ಮುಂದಿನ ಗಾಡಿಗೆ ಹೋಗಿ.

ನೂಡಲ್ಸ್ ಎಳೆಗೇ ಮೊಟ್ಟೆ ಹಾಕಿರುತ್ತಾರಾ?

ಕೆಲವದಕ್ಕೆ ಹಾಕಿರುತ್ತಾರೆ. ಅಂಗಡಿಯಲ್ಲಿ ಸಿಗುವ ಒಣ ಹಕ್ಕಾ ನೂಡಲ್ಸ್ ಹೆಚ್ಚಿನವು ಬರೀ ಮೈದಾ, ಉಪ್ಪು, ಎಣ್ಣೆ. ಎಗ್ ನೂಡಲ್ಸ್ ಬೇರೆಯಾಗಿಯೇ ಬರುತ್ತದೆ, ಅದರ ಪ್ಯಾಕೆಟ್ ಮೇಲೆ ಕಂದು ಗುರುತು ಇರಲೇಬೇಕು. ಹಾಗಾಗಿ ಗಾಡಿಯವರನ್ನು "ಪ್ಯಾಕೆಟ್ ಯಾವುದು, ತೋರಿಸಿ" ಅಂತ ಕೇಳಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ದೊಡ್ಡ ಹೋಟೆಲಿನಲ್ಲಿ ಹಸಿ ನೂಡಲ್ಸ್ ತರಿಸುತ್ತಾರೆ, ಅಲ್ಲಿ ಕೇಳುವುದು ಕಡ್ಡಾಯ. ಹಳದಿ ಬಣ್ಣ ನೋಡಿ ಮೊಟ್ಟೆ ಇದೆ ಅಂತ ಹೇಳಲಾಗದು, ಬಣ್ಣ ಹಾಕಿಯೂ ಹಳದಿ ಬರುತ್ತದೆ.

ಅಕ್ಕಿ ನೂಡಲ್ಸ್, ಹೆಸರುಕಾಳಿನ ಪಿಷ್ಟದಿಂದ ಮಾಡುವ ಗ್ಲಾಸ್ ನೂಡಲ್ಸ್, ಜಪಾನಿನ ಉಡೋನ್, ಇವುಗಳಲ್ಲಿ ಮೊಟ್ಟೆ ಇರುವುದಿಲ್ಲ. ಎಳೆಯಲ್ಲಿ ಇಲ್ಲ ಅಂದೆ, ಸಾಸಿನಲ್ಲಿ ಇಲ್ಲ ಅನ್ನಲಿಲ್ಲ.

ಅಜಿನೊಮೊಟೊ ಮೀನಿನ ಮೂಳೆಯಿಂದ ಮಾಡುತ್ತಾರಂತೆ, ಹೌದಾ?

ಇಲ್ಲ. ನಮ್ಮ ಕಡೆ ಈ ಮಾತು ಎಷ್ಟು ವರ್ಷದಿಂದ ಓಡಾಡುತ್ತಿದೆಯೋ! 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಅನ್ನುವ ವಿಜ್ಞಾನಿ ಕೊಂಬು ಅನ್ನುವ ಸಮುದ್ರ ಪಾಚಿಯಿಂದ ಇದರ ರುಚಿಯನ್ನು ಬೇರ್ಪಡಿಸಿದರು. ಈಗ ಕಬ್ಬಿನ ಕಾಕಂಬಿ, ಮರಗೆಣಸಿನ ಪಿಷ್ಟ ಇಂಥವನ್ನು ಹುದುಗಿಸಿ ತಯಾರಿಸುತ್ತಾರೆ. ಮಂಡ್ಯ ಜಿಲ್ಲೆಯವರಿಗೆ ಕಾಕಂಬಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೇಡ ಅನಿಸಿದರೆ ಹಾಕಬೇಡಿ ಅನ್ನಿ, ಅದು ನಿಮ್ಮಿಷ್ಟ. ಆದರೆ ಮೀನಿನ ಕಾರಣಕ್ಕೆ ಬಿಡಬೇಕಿಲ್ಲ.

ಒಂದೇ ಬಾಂಡ್ಲಿಯಲ್ಲಿ ಚಿಕನ್ನೂ ವೆಜ್ಜೂ ಮಾಡುತ್ತಾರೆ. ಏನು ಮಾಡುವುದು?

ಇದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೆಲವರಿಗೆ ತಟ್ಟೆಯಲ್ಲಿ ಇಲ್ಲದಿದ್ದರೆ ಸಾಕು. ಕೆಲವರಿಗೆ ಬಾಂಡ್ಲಿ, ಸೌಟು, ಎಣ್ಣೆ ಎಲ್ಲವೂ ಬೇರೆ ಇರಬೇಕು. ಎರಡನೇ ಗುಂಪಿನವರು ವೆಜ್ ಹೋಟೆಲ್ ಬಿಟ್ಟು ಬೇರೆ ಕಡೆ ಹೋಗದಿರುವುದೇ ಒಳ್ಳೆಯದು. "ಬೇರೆ ಬಾಂಡ್ಲಿಯಲ್ಲಿ ಮಾಡುತ್ತೇವೆ" ಅಂತ ಕ್ಯಾಷಿಯರ್ ಹೇಳಿದರೂ ಒಳಗೆ ಒಲೆ ಎರಡೇ ಇದ್ದರೆ ರಶ್ ಹೊತ್ತಿನಲ್ಲಿ ಅದು ನಡೆಯುವ ಮಾತಲ್ಲ.

ಗಾಡಿಯಲ್ಲಾದರೆ ಎದುರಿಗೇ ಕಾಣುತ್ತದೆ. ಒಂದು ಆರ್ಡರ್ ಮುಗಿದ ಮೇಲೆ ಮಾಸ್ಟರ್ ಬಿಸಿ ಬಾಂಡ್ಲಿಗೆ ಒಂದು ಮಗ್ ನೀರು ಸುರಿದು, ಬ್ರಷ್ ಅಥವಾ ತೆಂಗಿನ ನಾರಿನಿಂದ ಗರಗರ ಉಜ್ಜಿ, ಆ ನೀರನ್ನು ಪಕ್ಕದ ಬಕೆಟ್ಟಿಗೆ ಚೆಲ್ಲುತ್ತಾರೆ. ಅದು ಆದ ಮೇಲೆ ನಿಮ್ಮದು ಹಾಕಲು ಹೇಳಿ. ಮೊಟ್ಟೆ ನೂಡಲ್ಸ್ ಮಾಡಿದ ಬಾಂಡ್ಲಿಗೆ ಬಟ್ಟೆ ಒರೆಸಿ ಹಾಗೇ ಮುಂದಿನದಕ್ಕೆ ಹೋಗುವವರೂ ಇದ್ದಾರೆ. ನಿಂತು ಎರಡು ಆರ್ಡರ್ ನೋಡಿದರೆ ಅವರ ಕೈ ಅಭ್ಯಾಸ ಗೊತ್ತಾಗುತ್ತದೆ.

ನಮ್ಮ ಒತ್ತು ಶಾವಿಗೆ ನೂಡಲ್ಸ್ ಲೆಕ್ಕಕ್ಕೆ ಬರುತ್ತದಾ?

ಯಾಕೆ ಬರಬಾರದು? ಅಕ್ಕಿಯ ಎಳೆ, ಆವಿಯಲ್ಲಿ ಬೆಂದದ್ದು, ಮೇಲೆ ಒಗ್ಗರಣೆಯೋ ಕಾಯಿಹಾಲೋ. ವಿಯೆಟ್ನಾಂನವರು ಇದನ್ನೇ ಮಾಡಿದರೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತೇವೆ. ಹಳೇ ಮೈಸೂರು ಕಡೆಯಲ್ಲಿ ಹುಟ್ಟಿದವರಿಗೆ ಹಾಲು ಬಿಟ್ಟ ಮೇಲೂ ಉಳಿಯುವ ದೊಡ್ಡ ಸುಖ ಇದು, ನಾನಂತೂ ಹಾಗೇ ತಿಳಿದಿದ್ದೇನೆ.

ಮಾಡುವುದನ್ನು ನೋಡದವರಿಗೆ ಹೇಳುತ್ತೇನೆ. ಅಕ್ಕಿ ನೆನೆಸಿ ರುಬ್ಬಿ, ಆ ಹಿಟ್ಟನ್ನು ಒಲೆ ಮೇಲೆ ಗಟ್ಟಿಯಾಗುವ ತನಕ ತೊಳಸಿ, ಮುದ್ದೆ ಕಟ್ಟಿ, ಮುದ್ದೆಗಳನ್ನು ಮತ್ತೆ ಬೇಯಿಸುತ್ತಾರೆ. ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಹಿಟ್ಟು ಬಿಗಿದುಕೊಂಡು ಕೈ ಸೋಲುತ್ತದೆ. ಒಬ್ಬರು ಮೇಲಿನಿಂದ ಭಾರ ಹಾಕಿ ಒತ್ತುತ್ತಾರೆ, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಎಳೆ ಒಂದರ ಮೇಲೊಂದು ಬೀಳದ ಹಾಗೆ ತಿರುಗಿಸುತ್ತಾ ಹೋಗುತ್ತಾರೆ. ಇದರಲ್ಲಿ ಹಾಲು ತುಪ್ಪ ಬರುವ ಜಾಗವೇ ಇಲ್ಲ. ರಾಗಿ ಶಾವಿಗೆಯದೂ ಇದೇ ಕಥೆ, ಅದಕ್ಕೆ ಎಳ್ಳು ಬೆಲ್ಲದ ಪುಡಿ, ಕಾಯಿತುರಿ ಸೇರಿದರೆ ಬೇರೇನೂ ಬೇಡ.

ಜೊತೆಗೆ ಕೊಡುವುದರಲ್ಲಿ ಮಾತ್ರ ಹುಷಾರು. ಕಾಯಿಹಾಲು ಅಂದರೆ ತೆಂಗಿನಕಾಯಿ ರುಬ್ಬಿ ಹಿಂಡಿದ ಹಾಲು, ಬೆಲ್ಲ, ಏಲಕ್ಕಿ. ಕೆಲವರು ಗಸಗಸೆಯನ್ನೂ ಸೇರಿಸಿ ರುಬ್ಬುತ್ತಾರೆ. ಆದರೆ ಕಾಯಿ ದುಬಾರಿಯಾದಾಗ ಒಂದು ಲೋಟ ಹಸುವಿನ ಹಾಲು ಬೆರೆಸಿ ಹೆಚ್ಚಿಸುವ ಹೋಟೆಲುಗಳೂ ಇವೆ. "ಬರೀ ಕಾಯಿದಾ, ಹಾಲು ಬೆರೆಸಿದ್ದೀರಾ?" ಅಂತ ಒಂದು ಮಾತು ಕೇಳಿ. ನಿಂಬೆಹಣ್ಣಿನ ಶಾವಿಗೆ, ಪುಳಿಯೋಗರೆ ಗೊಜ್ಜು ಕಲಸಿದ ಹುಳಿ ಶಾವಿಗೆ, ಕಾಯಿ ಶಾವಿಗೆ ಮೂರೂ ಎಣ್ಣೆ ಒಗ್ಗರಣೆಯವು. ಮೊಸರು ಶಾವಿಗೆ ನಿಮಗಲ್ಲ.

ಸಿಗುವುದು ಎಲ್ಲಿ ಅಂದರೆ, ದಿನಾ ಮಾಡುವ ಹೋಟೆಲ್ ಕಮ್ಮಿ. ಕೆಲಸ ಜಾಸ್ತಿ, ಲಾಭ ಕಮ್ಮಿ. ವಾರಕ್ಕೊಂದು ದಿನ, ಅದೂ ಬೆಳಗ್ಗೆ ಹೊತ್ತು ಮಾಡುವ ಕಡೆ ಬೇಗ ಹೋಗಬೇಕು. ಅಗ್ರಹಾರ, ಚಾಮುಂಡಿಪುರಂ ಕಡೆಯ ಮನೆ ತಿಂಡಿ ಅಂಗಡಿಗಳಲ್ಲಿ, ಕಾಂಡಿಮೆಂಟ್ಸ್‌ಗಳಲ್ಲಿ ವಿಚಾರಿಸಿ. ಮುಂಚೆ ಹೇಳಿಟ್ಟರೆ ಮಾಡಿಕೊಡುವವರು ಸಿಗುತ್ತಾರೆ. ದಸರಾ ಆಹಾರ ಮೇಳಕ್ಕೆ ಹೋದಾಗ ಬರೀ ಗೋಬಿ ಮಳಿಗೆ ಮುಂದೆ ನಿಲ್ಲದೆ ನಾಡತಿಂಡಿ ಮಳಿಗೆಗಳ ಕಡೆಗೂ ಒಂದು ಸುತ್ತು ಹಾಕಿ. ಕೇರಳದವರ ಮೆಸ್‌ಗಳಲ್ಲಿ ಇಡಿಯಪ್ಪ ಸಿಗುತ್ತದೆ, ಅದಕ್ಕೆ ಕಡಲೆ ಕರಿ ಹೇಳಿ. ಕೊಡಗಿನವರ ನೂಪುಟ್ಟೂ ಇದೇ ಬಳಗದ್ದು.

ದರ್ಶಿನಿಯ ಶಾವಿಗೆ ಬಾತ್?

ಶಾವಿಗೆ ಗೋಧಿ ರವೆಯದು, ತೊಂದರೆ ಇಲ್ಲ. ತೊಂದರೆ ಹುರಿಯುವುದರಲ್ಲಿ. ಎಣ್ಣೆಯಲ್ಲೋ, ಡಾಲ್ಡಾದಲ್ಲೋ ಹುರಿದರೆ ಎರಡೂ ಗಿಡದ್ದೇ. ತುಪ್ಪದಲ್ಲಿ ಹುರಿದರೆ, ಇಲ್ಲವೇ ಕೊನೆಗೆ ಗೋಡಂಬಿಯನ್ನು ತುಪ್ಪದಲ್ಲಿ ಕರಿದು ಸುರಿದರೆ ಆಗುವುದಿಲ್ಲ. "ತುಪ್ಪದ ಘಮ" ಅಂತ ಬೋರ್ಡಿನಲ್ಲಿ ಬರೆದುಕೊಂಡ ಹೋಟೆಲಿನಲ್ಲಿ ಕೇಳುವ ಅಗತ್ಯವೂ ಇಲ್ಲ, ಸುಮ್ನೆ ಪೂರಿ ಸಾಗು ತಿಂದು ಬನ್ನಿ.

ಥುಕ್ಪಾ ಥರದ ಸೂಪ್ ನೂಡಲ್ಸ್ ಎಲ್ಲಿ ಸಿಗುತ್ತದೆ?

ಬೈಲಕುಪ್ಪೆಗೆ ಹೋಗಿ. ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್, ಪಿರಿಯಾಪಟ್ಟಣ ತಾಲ್ಲೂಕು. 1960ರ ದಶಕದ ಆರಂಭದಲ್ಲಿ ಟಿಬೆಟಿಯನ್ನರು ಬಂದು ನೆಲೆಸಿದ ಊರು. ಗೋಲ್ಡನ್ ಟೆಂಪಲ್ ನೋಡಿ ನೇರವಾಗಿ ಕಾರು ಹತ್ತಿ ವಾಪಸ್ ಬರುವವರೇ ಜಾಸ್ತಿ. ಅಲ್ಲಿನ ಪುಟ್ಟ ಹೋಟೆಲುಗಳಲ್ಲಿ ಕೂತು ಊಟ ಮಾಡದಿದ್ದರೆ ಅರ್ಧ ಬೈಲಕುಪ್ಪೆ ನೋಡಿದ ಹಾಗೆ. ಮೈಸೂರಿನಲ್ಲೂ ಮೋಮೋ ಅಂಗಡಿಗಳಲ್ಲಿ ಥುಕ್ಪಾ ಇಡುತ್ತಾರೆ.

ವೆಜ್ ಥುಕ್ಪಾದಲ್ಲಿ ತರಕಾರಿ ಮಾತ್ರ ಕಾಣುತ್ತದೆ. ಕಾಣದೇ ಇರುವುದು ಅದರ ನೀರು. ಮೂಳೆ ಬೇಯಿಸಿದ ನೀರು ಒಂದೇ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದರೆ ವೆಜ್ಜಿಗೂ ಅದರಿಂದಲೇ ಒಂದು ಸೌಟು ಹಾಕುವುದುಂಟು. "ಸೂಪಿಗೆ ಬರೀ ನೀರಾ, ಮೂಳೆ ನೀರಾ?" ಅಂತ ಕೇಳಿ. ಚಿಕನ್ ಪೌಡರ್, ಚಿಕನ್ ಕ್ಯೂಬ್ ಬಗ್ಗೆಯೂ ಕೇಳಿ. ಇದು ಥುಕ್ಪಾಕ್ಕೆ ಮಾತ್ರ ಅಲ್ಲ, ಚೈನೀಸ್ ಹೋಟೆಲಿನ ಮಂಚೌ ಸೂಪಿಗೂ ಅಷ್ಟೇ.

ಅಲ್ಲಿ ಹೋದವರು ಲಾಫಿಂಗ್ ಬಿಡಬೇಡಿ. ಹೆಸರುಕಾಳಿನ ಪಿಷ್ಟ ಕುದಿಸಿ ಆರಿಸಿದರೆ ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ, ಅದನ್ನು ಎಳೆ ಎಳೆಯಾಗಿ ಹೆರೆದು ಸೋಯಾ ಸಾಸ್, ವಿನೆಗರ್, ಬೆಳ್ಳುಳ್ಳಿ ನೀರು, ಮೆಣಸಿನೆಣ್ಣೆ ಹಾಕಿ ತಣ್ಣಗೇ ಕೊಡುತ್ತಾರೆ. ಹಳದಿ ಲಾಫಿಂಗ್ ಗೋಧಿಯದು, ಒಳಗೆ ಮಸಾಲೆ ಇಟ್ಟು ಸುತ್ತಿ ಕೊಯ್ದು ಕೊಡುತ್ತಾರೆ. ಎರಡಕ್ಕೂ ಹಾಲು, ಮೊಟ್ಟೆ ಬೇಕಿಲ್ಲ. ಮೇಲೆ ಇನ್‌ಸ್ಟಂಟ್ ನೂಡಲ್ಸ್ ಪುಡಿ ಉದುರಿಸುವುದುಂಟು, ಬೇಡ ಅನ್ನಿ. ಖಾರ ಕಮ್ಮಿ ಅಂತ ಹೇಳುವುದನ್ನು ಮರೆತರೆ ಕಣ್ಣಲ್ಲಿ ನೀರು ಗ್ಯಾರಂಟಿ.

ಗೋಕುಲಂ ಕೆಫೆಗಳು ದುಬಾರಿ ಅಂತಾರೆ, ಹೋಗಬಹುದಾ?

ದುಬಾರಿ ಹೌದು, ನೆಮ್ಮದಿಯೂ ಹೌದು. ಅಷ್ಟಾಂಗ ಯೋಗ ಕಲಿಯಲು ವಿದೇಶಿಯರು ಗೋಕುಲಂಗೆ ಬರಲು ಶುರುವಾಗಿ ವರ್ಷಗಳೇ ಆದವು. ಅವರಲ್ಲಿ ಹಾಲು ಮುಟ್ಟದವರು ಬಹಳ. ಹಾಗಾಗಿ ಅಲ್ಲಿನ ಕೆಫೆಗಳಲ್ಲಿ ಸೋಯಾ ಹಾಲಿನ ಪನೀರ್ ಥರದ ಟೋಫು, ಬಾದಾಮಿ ಹಾಲು, ತೆಂಗಿನ ಹಾಲು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕಡಲೆಕಾಯಿ ಸಾಸ್ ನೂಡಲ್ಸ್, ಟೋಫು ಹಾಕಿದ ಅಕ್ಕಿ ನೂಡಲ್ಸ್ ಇಂಥವು ಮೆನುವಿನಲ್ಲೇ ಇರುತ್ತವೆ. ಯೋಗದವರು ಕಮ್ಮಿಯಾಗುವ ತಿಂಗಳುಗಳಲ್ಲಿ ಕೆಲವು ಕೆಫೆ ಬಾಗಿಲು ಹಾಕುತ್ತವೆ, ಫೋನ್ ಮಾಡಿ ಹೊರಡಿ. ಉಪ್ಪು ಖಾರ ನಮ್ಮ ನಾಲಿಗೆಗೆ ಕಮ್ಮಿ ಅನಿಸುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಥಾಯ್, ಜಪಾನೀಸ್, ಕೊರಿಯನ್ ಹೋಟೆಲಿನಲ್ಲಿ ಏನು ಹುಷಾರಾಗಿರಬೇಕು?

ಇಲ್ಲಿ ತೊಂದರೆ ಕೊಡುವುದು ಸಮುದ್ರ. ಅಕ್ಕಿ ನೂಡಲ್ಸ್ ಹುರಿದು ಮಾಡುವ ಪ್ಯಾಡ್ ಥಾಯ್‌ಗೆ ಫಿಶ್ ಸಾಸ್, ಮೊಟ್ಟೆ ಎರಡೂ ಬೀಳುತ್ತವೆ. ಎರಡನ್ನೂ ಬಿಟ್ಟು ಸೋಯಾ ಸಾಸ್, ಹುಣಸೆಹಣ್ಣು, ಕಡಲೆಕಾಯಿಯಲ್ಲಿ ಮಾಡಿಸಿದರೆ ರುಚಿಗೆ ಕೊರತೆ ಇಲ್ಲ. ಹುಣಸೆಹಣ್ಣು ಬೆಲ್ಲ ಗೊತ್ತಿರುವ ನಮಗೆ ಅದು ಪರಿಚಯದ ರುಚಿಯೇ. ಥಾಯ್ ಗ್ರೀನ್ ಕರಿ, ಮಲೇಷಿಯಾದ ಸೂಪ್ ನೂಡಲ್ಸ್ ಆದ ಲಕ್ಸಾ, ಎರಡರ ಪೇಸ್ಟಿಗೂ ಸೀಗಡಿ ಸೇರಿಸಿ ರುಬ್ಬಿರುತ್ತಾರೆ. ತೆಂಗಿನ ಹಾಲು ನೋಡಿ ಮೋಸ ಹೋಗಬೇಡಿ, ಪೇಸ್ಟ್ ಇಲ್ಲೇ ರುಬ್ಬಿದ್ದಾ, ಡಬ್ಬದ್ದಾ ಕೇಳಿ. ಡಬ್ಬದ್ದಾದರೆ ಅದರ ಮೇಲೆ ಬರೆದಿರುತ್ತದೆ.

ಜಪಾನಿನ ರಾಮೆನ್ ಸೂಪಿಗೆ ಹೆಚ್ಚಾಗಿ ಹಂದಿ, ಕೋಳಿ ಮೂಳೆ ಬೇಯಿಸಿದ ನೀರು, ಉಡೋನ್ ಸೂಪಿನ ಜೀವ ದಾಶಿ. ದಾಶಿ ಅಂದರೆ ಒಣಗಿಸಿದ ಮೀನಿನ ಚಕ್ಕೆ ಹಾಕಿ ಕುದಿಸಿದ ನೀರು. ಕೊಂಬು ಪಾಚಿ, ಅಣಬೆಯಿಂದ ಮಾಡಿದ ದಾಶಿಯೂ ಉಂಟು, ಕೇಳಿದರೆ ಕೊಡುವ ಕಡೆ ಕೊಡುತ್ತಾರೆ. ಆಯ್ಸ್ಟರ್ ಸಾಸ್ ಚಿಪ್ಪುಮೀನಿನದು. ಅಣಬೆಯಿಂದ ಮಾಡಿದ ವೆಜ್ ಆಯ್ಸ್ಟರ್ ಸಾಸೂ ಬರುತ್ತದೆ, ಬಾಟಲಿ ನೋಡಿ.

ಕೊರಿಯನ್ ಸೀರಿಯಲ್ ನೋಡಿ ರಾಮ್ಯನ್ ಅನ್ನುವ ಇನ್‌ಸ್ಟಂಟ್ ನೂಡಲ್ಸ್ ಹುಚ್ಚು ಹಿಡಿಸಿಕೊಂಡ ಕಾಲೇಜು ಮಕ್ಕಳಿಗೆ ಒಂದು ಮಾತು. ಅದರ ಮಸಾಲೆ ಪುಡಿಯಲ್ಲಿ ದನದ ಮಾಂಸ, ಕೋಳಿ, ಮೀನಿನ ಸಾರ ಇರುವುದು ಮಾಮೂಲು. ಪ್ಯಾಕೆಟ್ ತಿರುಗಿಸಿ ಓದಿ. ಕಿಮ್ಚಿ ಕೋಸಿನ ಉಪ್ಪಿನಕಾಯಿ ಥರ ಕಂಡರೂ ಅದಕ್ಕೆ ಫಿಶ್ ಸಾಸ್, ಸೀಗಡಿ ಹಾಕುವ ಪದ್ಧತಿ ಇದೆ. ಗೆಣಸಿನ ಪಿಷ್ಟದ ಎಳೆಯಲ್ಲಿ ಮಾಡುವ ಜಾಪ್ಚೇ ಮಾಂಸ, ಮೊಟ್ಟೆ ಇಲ್ಲದೆ ಚೆನ್ನಾಗಿ ಆಗುತ್ತದೆ.

ಪಾಸ್ತಾ?

ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು, ಹಸಿ ಪಾಸ್ತಾಕ್ಕೆ ಮೊಟ್ಟೆ ಹಾಕುವುದು ಜಾಸ್ತಿ. ವೈಟ್ ಸಾಸ್, ಪಿಂಕ್ ಸಾಸ್, ಪೆಸ್ಟೊ ಮೂರನ್ನೂ ಬಿಡಿ, ಹಾಲು ಅಥವಾ ಚೀಸ್ ಇದ್ದೇ ಇರುತ್ತದೆ. ಟೊಮೆಟೊ, ಬೆಳ್ಳುಳ್ಳಿ, ಮೆಣಸಿನಕಾಯಿಯ ಅರಬಿಯಾಟಾ ಕೇಳಿ. ಇಲ್ಲವೇ ಎಣ್ಣೆ, ಬೆಳ್ಳುಳ್ಳಿಯ ಆಲಿಯೊ ಒಲಿಯೊ. "ಚೀಸ್ ಉದುರಿಸಬೇಡಿ, ಬೆಣ್ಣೆ ಹಾಕಬೇಡಿ" ಅಂತ ಎರಡನ್ನೂ ಹೇಳಬೇಕು. ನಮ್ಮೂರಿನ ಕಿಚನ್‌ಗಳಲ್ಲಿ ಕೊನೆಗೊಂದು ತುಂಡು ಬೆಣ್ಣೆ ಹಾಕುವುದು ಕೈಗೆ ಅಂಟಿದ ಅಭ್ಯಾಸ. ಜೊತೆಗೆ ಬರುವ ಗಾರ್ಲಿಕ್ ಬ್ರೆಡ್ಡಿಗೂ ಬೆಣ್ಣೆ ಸವರಿರುತ್ತಾರೆ.

ಈರುಳ್ಳಿ, ಬೆಳ್ಳುಳ್ಳಿಯೂ ಬೇಡ ಅಂದರೆ?

ಗಾಡಿಯಲ್ಲಿ ಕಷ್ಟ. ಸಾಸಿನಲ್ಲೇ ಬೆಳ್ಳುಳ್ಳಿ ಇರುತ್ತದೆ. ಜೈನ್ ನೂಡಲ್ಸ್ ಅಂತ ಮೆನುವಿನಲ್ಲಿ ಇರುವ ವೆಜ್ ಹೋಟೆಲ್ ಹುಡುಕಿ, ಅದರಲ್ಲಿ ಚೀಸ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ನಿಂಬೆಹಣ್ಣಿನ ಶಾವಿಗೆ ಇದ್ದೇ ಇದೆ.

ಆ್ಯಪ್‌ನಲ್ಲಿ ತರಿಸುವಾಗ ಹೇಗೆ ಗೊತ್ತಾಗುತ್ತದೆ?

ಪ್ಯೂರ್ ವೆಜ್ ಫಿಲ್ಟರ್ ಹಾಕಿದರೆ ಮಾಂಸ, ಮೊಟ್ಟೆಯ ಚಿಂತೆ ತಪ್ಪುತ್ತದೆ, ಬೆಣ್ಣೆಯದ್ದು ತಪ್ಪುವುದಿಲ್ಲ. ಸೂಚನೆ ಬರೆಯುವ ಜಾಗದಲ್ಲಿ ಬರೆದದ್ದನ್ನು ಕಿಚನ್‌ನಲ್ಲಿ ಓದುತ್ತಾರೆ ಅಂತ ನಂಬಿಕೊಂಡು ಕೂರಬೇಡಿ, ಹೋಟೆಲಿಗೆ ಒಂದು ಫೋನ್ ಮಾಡಿ. ಹೆಸರಿನಲ್ಲಿ ಬಟರ್, ಚೀಸ್, ಕ್ರೀಮಿ, ಮಲಾಯ್, ಹನಿ ಅಂತ ಇದ್ದರೆ ಕೇಳುವುದೇ ಬೇಡ, ಮುಂದಕ್ಕೆ ಹೋಗಿ.

10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ತಮ್ಮ ತಿನಿಸಿನಲ್ಲಿ ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿ ಇಂಥ ಅಲರ್ಜಿ ಪದಾರ್ಥ ಇದೆಯಾ ಅಂತ ತಿಳಿಸಬೇಕು ಅನ್ನುವ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಮಾಲ್‌ನಲ್ಲಿರುವ ದೊಡ್ಡ ಬ್ರಾಂಡಿನ ಹೋಟೆಲಿಗೆ ಹೋದಾಗ "ಅಲರ್ಜಿ ಪಟ್ಟಿ ಕೊಡಿ" ಅಂತ ಕೇಳಿ. ಸಪ್ಲೈಯರ್ ಬಾಯಿಮಾತಿಗಿಂತ ಅದು ಗಟ್ಟಿ. ಹಾಲಿನ ಅಲರ್ಜಿ ಇರುವ ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಬಿಡಲೇಬಾರದು. ಹಾಲು ಬಿಟ್ಟವರಿಗೆ ಒಂದು ತೊಟ್ಟು ತುಪ್ಪ ಬಿದ್ದರೆ ಬೇಜಾರು ಅಷ್ಟೇ, ಅಲರ್ಜಿ ಇದ್ದವರಿಗೆ ಆಸ್ಪತ್ರೆ. ಅಂಥವರಿಗೆ ಒಂದೇ ಬಾಂಡ್ಲಿಯ ಗಾಡಿ ಬೇಡವೇ ಬೇಡ.

ಮನೆಯವರ ಜೊತೆ ಹೋದಾಗ ಇಷ್ಟೆಲ್ಲ ಕೇಳಲು ಮುಜುಗರ ಆಗುತ್ತದೆ.

ಆಗುತ್ತದೆ. ಮಾವ ಬಿಲ್ ಕೊಡುತ್ತಿರುವಾಗ ಸಪ್ಲೈಯರ್‌ನ ಜೊತೆ ಹತ್ತು ನಿಮಿಷ ವಿಚಾರಣೆ ಮಾಡಿದರೆ ಎಲ್ಲರ ಮುಖ ಸಣ್ಣಗಾಗುತ್ತದೆ. ಹೋಟೆಲ್ ಗೊತ್ತಿದ್ದರೆ ಮಧ್ಯಾಹ್ನವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಅಲ್ಲಿಗೆ ಹೋದ ಮೇಲೆ "ವೆಜ್ ಹಕ್ಕಾ ನೂಡಲ್ಸ್, ಎಣ್ಣೆಯಲ್ಲಿ" ಅಂದರೆ ಮುಗಿಯಿತು.

ಅಜ್ಜಿಗೆ ವಿವರಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಒಂದು ತಿಂಗಳು ಮೊಸರಿಲ್ಲ, ಮುಂದಿನ ತಿಂಗಳು ಕ್ಷೀರವ್ರತ, ಹಾಲಿಲ್ಲ. ಆ ಅಡುಗೆ ಮಾಡಿಕೊಂಡು ಬಂದ ಅಜ್ಜಿಗೆ "ನಾನು ವರ್ಷವಿಡೀ ಆ ಎರಡೂ ವ್ರತ ಹಿಡಿದಿದ್ದೇನೆ ಅಂದುಕೊಳ್ಳಿ, ಜೊತೆಗೆ ತುಪ್ಪವೂ ಬೇಡ" ಅಂದರೆ ಸಾಕು. ಯಾಕೆ ಅಂತ ಕೇಳಬಹುದು, ಆದರೆ ಬಡಿಸುವಾಗ ಮರೆತು ತುಪ್ಪ ಹಾಕುವುದಿಲ್ಲ.

ಬೆಂಗಳೂರಿಗೆ ಹೋದಾಗ ಆಯ್ಕೆ ಜಾಸ್ತಿ ಅಲ್ವಾ?

ಜಾಸ್ತಿಯೇ. ಇಂದಿರಾನಗರ, ಕೋರಮಂಗಲದ ಕಡೆ ವೀಗನ್ ಅಂತ ಬೋರ್ಡ್ ಹಾಕಿಕೊಂಡವರೇ ಸಿಗುತ್ತಾರೆ. ಬರ್ಮಾದ ಖೌ ಸ್ವೆ ಒಮ್ಮೆ ತಿನ್ನಿ, ತೆಂಗಿನ ಹಾಲಿನ ಸಾರಿನಲ್ಲಿ ನೂಡಲ್ಸ್, ಮೇಲೆ ಕಡಲೆಕಾಯಿ, ಕರಿದ ಬೆಳ್ಳುಳ್ಳಿ. ಬರ್ಮಾ ಬರ್ಮಾ ಅನ್ನುವ ಹೋಟೆಲ್ ಪೂರ್ತಿ ಸಸ್ಯಾಹಾರಿ, ಅಲ್ಲಿ ಮೀನಿನ ಸಾಸಿನ ಭಯ ಇಲ್ಲ. ಹಾಲಿನದು ಮಾತ್ರ ಕೇಳಿಕೊಳ್ಳಿ. ಹೊಸ ಊರಿಗೆ ಹೋದಾಗ ಹ್ಯಾಪಿಕೌ ಅನ್ನುವ ಆ್ಯಪ್ ಉಪಯೋಗಕ್ಕೆ ಬರುತ್ತದೆ, ಅದರ ವೆಬ್‌ಸೈಟ್ 1999ರಿಂದ ನಡೆಯುತ್ತಿದೆ. ಜನರೇ ಸೇರಿಸಿದ ವಿವರ ಆದ್ದರಿಂದ ಹಳೆಯದಾಗಿರಬಹುದು, ಹೊರಡುವ ಮೊದಲು ಹೋಟೆಲ್ ಇನ್ನೂ ಇದೆಯಾ ನೋಡಿ.

ದಾರಿಯಲ್ಲಿ ಹೊಟ್ಟೆ ಹಸಿದರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಮಂಡ್ಯ, ಮದ್ದೂರಿನ ಒಳಗೆ ಇಳಿಯಿರಿ. ಬೆಳಗ್ಗೆ ಹೊತ್ತು ಶಾವಿಗೆ ಬಾತ್ ಸಿಕ್ಕಿದರೆ ಅದೃಷ್ಟ. ಸಿಗದಿದ್ದರೆ ಇಡ್ಲಿ, ಅದರ ಮೇಲಿನ ಬೆಣ್ಣೆ ಬೇಡ ಅನ್ನಿ.

ಬರೀ ನೂಡಲ್ಸ್ ತಿಂದರೆ ಹೊಟ್ಟೆ ತುಂಬುತ್ತದಾ?

ಗಾಡಿಯ ವೆಜ್ ನೂಡಲ್ಸ್ ತಿಂದ ಎರಡು ಗಂಟೆಯೊಳಗೆ ಮತ್ತೆ ಹಸಿವು. ಅದರಲ್ಲಿರುವುದು ಮೈದಾ, ನಾಲ್ಕು ಎಳೆ ಕೋಸು. ಟೋಫು ಇರುವ ಕಡೆ ಪನೀರ್ ಬದಲು ಅದನ್ನು ಹಾಕಿಸಿ. ಇಲ್ಲದಿದ್ದರೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಉದುರಿಸಲು ಹೇಳಿ, ಪಕ್ಕದಲ್ಲೇ ಕಳ್ಳೆಕಾಯಿ ಗಾಡಿ ಇರುತ್ತದೆ. ಸೋಯಾ ಚಾಪ್ ಅಂತ ಬರುವುದನ್ನು ಮೊಸರು, ಕ್ರೀಮಿನಲ್ಲಿ ನೆನೆಸುವುದು ರೂಢಿ, ಸೋಯಾ ಅನ್ನುವ ಹೆಸರಿಗೆ ಮರುಳಾಗಬೇಡಿ.

ಹೇಳಿದ ಮೇಲೂ ಬೆಣ್ಣೆ ಹಾಕಿ ತಂದರೆ?

ಮೆಲ್ಲಗೆ ಕರೆದು ಹೇಳಿ. "ಅಣ್ಣಾ, ಎಣ್ಣೆಯಲ್ಲಿ ಅಂತ ಹೇಳಿದ್ದೆ, ಇದು ಬೆಣ್ಣೆ ವಾಸನೆ ಬರ್ತಿದೆ." ತಿನ್ನುವ ಮೊದಲೇ ಹೇಳಿದರೆ ಬಹಳಷ್ಟು ಕಡೆ ಬದಲಾಯಿಸಿ ಕೊಡುತ್ತಾರೆ. ಅರ್ಧ ತಿಂದ ಮೇಲೆ ಹೇಳಿದರೆ ಜಗಳಕ್ಕೆ ತಿರುಗುತ್ತದೆ. ಹಾಗಾಗಿ ತಟ್ಟೆ ಬಂದ ಕೂಡಲೇ ಒಂದು ಸಲ ಮೂಸಿ, ಫೋರ್ಕಿನಿಂದ ಅಡಿ ಕೆದಕಿ ನೋಡಿ. ತೆಳ್ಳಗೆ ಹರಡಿದ ಮೊಟ್ಟೆ ಚೂರು ಸಾಮಾನ್ಯವಾಗಿ ಅಡಿಯಲ್ಲೇ ಇರುತ್ತದೆ. ಪಾರ್ಸಲ್ ಆದರೆ ಮನೆಗೆ ಹೋಗಿ ಬಿಚ್ಚಬೇಡಿ, ಗಾಡಿ ಮುಂದೆ ನಿಂತೇ ಬಿಚ್ಚಿ ನೋಡಿ.